ಭಾರತದ ಪಾಸ್‌ಪೋರ್ಟ್, ಬ್ರಿಟನ್ನಿನ ಓಟು

ಮಾನ್ಯರೇ,

ಬ್ರಿಟನ್ನಿನ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರಿಂದ, ಲಂಡನ್ನಿನ ಅಕ್ಸ್‌ಬ್ರಿಜ್ ಮತ್ತು ಸೌತ್ ರೈಸ್ಲಿಪ್ ಕ್ಷೇತ್ರದ ಉಪಚುನಾವಣೆ 2023ರ ಜುಲೈ 20ರಂದು ನಡೆಯಿತು. ಅವರದೇ ಕನ್ಸರ್ವೇಟಿವ್ ಪಕ್ಷ ಬರೀ 495 ಮತಗಳಿಂದ ಗೆದ್ದಿತು. 2019ರಲ್ಲಿ ಇದೇ ಅಂತರ 7,210 ಇತ್ತು.

ಹೊಗೆ ತಗ್ಗಿಸಲು ಹಳೆಯ ಗಾಡಿಗಳಿಗೆ ಹಾಕುವ ದಿನಕ್ಕೆ 12.50 ಪೌಂಡ್ ಶುಲ್ಕವನ್ನು ಇಡೀ ಲಂಡನ್ನಿಗೆ ವಿಸ್ತರಿಸುವ ಮಾತೇ ಇಲ್ಲಿ ಜೋರಾಗಿತ್ತು. ವ್ಯಾನ್ ಇಟ್ಟುಕೊಂಡು ದುಡಿಯುವವರಿಗೆ ಅದು ಸಣ್ಣ ದುಡ್ಡಲ್ಲ. ಗಾಳಿಯೂ ಚೆನ್ನಾಗಿರಬೇಕು ಅನ್ನಿ.

ನಾನು ಆಫೀಸಿನಿಂದ ಬಂದು ಓಟು ಹಾಕಿದೆ. ರಜೆ ಇಲ್ಲ, ಆದರೆ ರಾತ್ರಿ ಹತ್ತರವರೆಗೆ ಮತಗಟ್ಟೆ ತೆರೆದಿರುತ್ತದೆ. ಭಾರತದ ಪಾಸ್‌ಪೋರ್ಟ್ ತೋರಿಸಿದೆ, ದಾರಕ್ಕೆ ಕಟ್ಟಿದ್ದ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಬೆರಳಿಗೆ ಶಾಯಿ ಇಲ್ಲ. ಓಟು ಹಾಕಿದ ಹಾಗೇ ಅನ್ನಿಸಲಿಲ್ಲ!

ಭಾರತವೂ ಸೇರಿದ ಕಾಮನ್‌ವೆಲ್ತ್ ಕೂಟದ ದೇಶದವರು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ಓಟು ಹಾಕಬಹುದು. ಪರಿಚಯದ ಎರಡು ಕನ್ನಡ ಮನೆಗಳಲ್ಲಿ ಇದು ಗೊತ್ತೇ ಇರಲಿಲ್ಲ. "ಪಾಸ್‌ಪೋರ್ಟ್ ಬದಲಾಗಿಲ್ಲ, ನಮಗೆಲ್ಲಿ ಓಟು?" ಅಂದರು. 495ರ ಅಂತರದಲ್ಲಿ ಇಂಥ ಮನೆಗಳು ಲೆಕ್ಕಕ್ಕೆ ಬರುತ್ತವೆ, ಅಲ್ವಾ? ನಿಮ್ಮ ಓದುಗರ ಮಕ್ಕಳು ಬ್ರಿಟನ್ನಿನಲ್ಲಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದಾರಾ ಅಂತ ಕೇಳಲಿ.

– ಒಬ್ಬ ಓದುಗ, ಲಂಡನ್