ಟೇಪ್ ದಾಟಬೇಡ

ಪ್ರೀತಿಯ ಛತ್ರಿ,

ತಾತ ಹೋಗಿ ಇವತ್ತಿಗೆ ಇಪ್ಪತ್ತು ದಿನ. ವೈಕುಂಠ ಸಮಾರಾಧನೆಯ ದಿನ ನೀನು ತಿಂದ ವಡೆಗಳ ಲೆಕ್ಕ ಅಜ್ಜಿಯ ಹತ್ತಿರ ಇದೆ. ಇಲ್ಲಿ ಎಲ್ಲರೆದುರು ಹೇಳುವುದಿಲ್ಲ, ಹೆದರಬೇಡ.

ಆವತ್ತು ನಾನು ಮಾತಾಡಿದ್ದು ನೆನಪಿದೆ ಅಲ್ವಾ? 1971ರ ಯುದ್ಧ, ಶಕರ್‌ಗಢ, ಬಸಂತರ್ ನದಿ, ಪಶ್ಚಿಮಿ ಸ್ಟಾರ್ ಪದಕ. ಚಿಕ್ಕಮ್ಮಂದಿರು ಕಣ್ಣೊರೆಸಿಕೊಂಡರು. ನಿಜ ಹೇಳ್ತೀನಿ, ಅದರಲ್ಲಿ ಒಂದು ಮಾತನ್ನೂ ತಾತ ನನಗೆ ಹೇಳಿದ್ದಲ್ಲ. ಸೇನೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ನಾಲ್ಕು ಸಾಲು ಇತ್ತು. ಮಿಕ್ಕಿದ್ದು ಹಿಂದಿನ ರಾತ್ರಿ ಮೊಬೈಲಿನಲ್ಲಿ ಓದಿದ್ದು. ಯುದ್ಧ ಹೇಗಿತ್ತು ತಾತ ಅಂದರೆ ಅವರದ್ದು ಒಂದೇ ಉತ್ತರ: "ಚಳಿ ಜಾಸ್ತಿ." ಅದಕ್ಕಿಂತ ಪ್ರತಿ ನವೆಂಬರಿನಲ್ಲಿ ಪಿಂಚಣಿಗೆ ಅಂತ ಬ್ಯಾಂಕಿಗೆ ಹೋಗುವಾಗಲೇ ಜಾಸ್ತಿ ಮಾತಾಡುತ್ತಿದ್ದರು. "ಬಾರೋ, ಬದುಕಿದ್ದೀನಿ ಅಂತ ಹೇಳಿ ಬರೋಣ."

ಆ ಓದಿನಲ್ಲೇ ಒಂದು ಕಡೆ ಸಿಕ್ಕಿಬಿದ್ದೆ. ತಾತ ಎಂಇಜಿಯ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ, ಸ್ಯಾಪರ್. ಟ್ಯಾಂಕುಗಳಿಗಿಂತ ಮುಂಚೆ ಹೋಗಿ, ಕತ್ತಲಲ್ಲಿ ನೆಲದೊಳಗೆ ಹೂತಿಟ್ಟ ಬಾಂಬು (ಮೈನು) ತೆಗೆದು ದಾರಿ ಮಾಡಿಕೊಡುವ ಕೆಲಸ. ಎಲ್ಲಿ ಕಾಲಿಡಬಹುದು ಅಂತ ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ ಆ ದಾರಿಯ ಅಂಚಿಗೆ ಬಿಳಿ ಟೇಪು ಹಾಕುತ್ತಾರೆ.

ಈಗ ಆ ವಿಡಿಯೊ ನೆನಪು ಮಾಡಿಕೋ.

ಮರೆವು ಶುರುವಾದ ಮೇಲೆ ತಾತ ಬಚ್ಚಲಿಗೆ ಹೋಗುವಾಗ ನೆಲದ ಬಿಳಿ ಟೈಲ್ಸ್ ಪಟ್ಟಿ ದಾಟುತ್ತಿರಲಿಲ್ಲ. ನನ್ನ ಕೈ ಬಿಗಿಯಾಗಿ ಹಿಡಿದು, "ಟೇಪ್ ದಾಟಬೇಡ, ನನ್ನ ಹಿಂದೇ ಬಾ" ಅನ್ನುತ್ತಿದ್ದರು. ಅದಕ್ಕೊಂದು ಹಾಡು ಸೇರಿಸಿ ನಿಮಗೆಲ್ಲ ಕಳಿಸಿದವನು ನಾನೇ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ರೇಗಿ, ಬೇಗ ಬನ್ನಿ ಅಂತ ಪಟ್ಟಿಯಾಚೆಗೆ ಎಳೆದೂ ಇದ್ದೇನೆ. ಅವರ ಕೈ ನಡುಗಿತು. ವಯಸ್ಸಾಯ್ತು, ನಡುಗುತ್ತೆ ಅಂದುಕೊಂಡೆ. ಅವರನ್ನು ನಾನು ನಡೆಸಿಕೊಂಡು ಹೋಗ್ತಿದ್ದೀನಿ ಅಂದುಕೊಂಡಿದ್ದೆ ಕಣೋ.

ಇದನ್ನೆಲ್ಲ ಬರೆಯೋಕೆ ಕೂತಿರಲಿಲ್ಲ. ಕೂತಿದ್ದು ರಮ್ಮಿನ ವಿಷಯಕ್ಕೆ. ಮಿಲಿಟರಿ ಕ್ಯಾಂಟೀನ್ ಕೋಟಾದ ಕೊನೆಯ ಬಾಟಲಿ ಬೀರುವಿನಲ್ಲಿದೆ. ಎಷ್ಟಿದೆ ಅಂತ ಗೊತ್ತಾಗಲಿ ಅಂತ ಅಜ್ಜಿ ಅದಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಆ ಗೆರೆ ದಾಟುವ ಧೈರ್ಯ ನನಗಂತೂ ಇಲ್ಲ. ನೀನು ಬಾ, ಬೈಗುಳ ಹಂಚಿಕೊಳ್ಳೋಣ.

ಬರುವಾಗ ಆ ವಿಡಿಯೊ ಅಳಿಸಿಬಿಡು. ಬೇಡ ಬೇಡ, ನನಗೆ ಕಳಿಸು. ನನ್ನ ಮೊಬೈಲಿನದ್ದು ಟೇಪಿನ ವಿಷಯ ಓದಿದ ರಾತ್ರಿಯೇ ಅಳಿಸಿಬಿಟ್ಟೆ. ಹಾಡು ತೆಗೆದು ಅವರ ದನಿ ಮಾತ್ರ ಉಳಿಸೋಕೆ ಆಗುತ್ತಾ ಅಂತ ನಿಮ್ಮ ಆಫೀಸಿನ ಆ ಮೇಧಾವಿಯನ್ನು ಕೇಳು. ಮತ್ತೆ, ನನ್ನ ಛತ್ರಿ ವಾಪಸ್ ತಾ. ಹನ್ನೊಂದು ವರ್ಷ ಆಯ್ತು.

ಇಂತಿ ನಿನ್ನ,
ಅದೇ ಮಳೆಯಲ್ಲಿ ನೆನೆದವನು