ಕಪ್ಪು ಒಡವೆಯೂ ಅಮ್ಮನ ಬಳೆಯೂ

ಲೀಡ್ಸ್, ಭಾನುವಾರ

ಪ್ರೀತಿಯ ಅಕ್ಕ,

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪನ ವರ್ಷಾಂತಿಕಕ್ಕೆ ರಜೆ ಸಿಕ್ಕಿದೆ, ತೀರ್ಥಹಳ್ಳಿಗೆ ಬರುತ್ತೇವೆ. ಅದಕ್ಕೆ ಮುಂಚೆ ನಿನ್ನ ಹತ್ತಿರ ಒಂದು ಮಾತು ಆಡಬೇಕಿತ್ತು. ಫೋನಿನಲ್ಲಾದರೆ ಅಮ್ಮ ಪಕ್ಕದಲ್ಲೇ ಇರ್ತಾಳೆ, ಅದಕ್ಕೇ ಪತ್ರ.

ಮೊನ್ನೆ ವಿಟ್ಬಿ ಅನ್ನೋ ಕಡಲ ಊರಿಗೆ ಹೋಗಿದ್ದೆವು. ಹತ್ತಿರದವರು ಸತ್ತಾಗ ಇಲ್ಲಿಯವರು ತೊಡುತ್ತಿದ್ದ ಕಪ್ಪು ಒಡವೆಗೆ ಹೆಸರಾದ ಊರು ಅದು. ಆ ಕಪ್ಪಿಗೆ ಜೆಟ್ ಅಂತಾರೆ. ನೋಡಲು ಕಲ್ಲು, ನಿಜವಾಗಿ ಮರ. ಸುಮಾರು 18 ಕೋಟಿ ವರ್ಷದ ಹಿಂದೆ ಕೆಸರಿನಡಿ ಸೇರಿದ ಮರ. ಅಂಗಡಿಯವರು ಒಂದು ಜೆಟ್ ಸರ, ಒಂದು ಕಪ್ಪು ಗಾಜಿನ ಸರ ಎರಡನ್ನೂ ಕೈಗೆ ಕೊಟ್ಟರು. ಗಾಜು ಭಾರ, ಮುಟ್ಟಿದರೆ ತಣ್ಣಗೆ. ಜೆಟ್ ಹಗುರ, ಬೆಚ್ಚಗೆ.

1861ರ ಡಿಸೆಂಬರ್‌ನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವ ತನಕ ಕಪ್ಪು ಬಟ್ಟೆ ಬಿಡಲಿಲ್ಲ. ರಾಣಿಯನ್ನು ನೋಡಿ ಊರೆಲ್ಲ ಜೆಟ್ ಕೊಂಡಿತು. ದುಡ್ಡಿಲ್ಲದವರು ಗಾಜು, ಗಟ್ಟಿ ರಬ್ಬರ್ ತೊಟ್ಟರು. ಗಂಡ ಹೋದವಳಿಗೆ 2 ವರ್ಷಕ್ಕೂ ಜಾಸ್ತಿ ಶೋಕದ ಉಡುಪು. ಮೊದಲು ಹೊಳಪಿಲ್ಲದ ಕಪ್ಪು, ಕೊನೆಕೊನೆಗೆ ಬೂದು, ತಿಳಿ ನೇರಳೆ. ಹೆಂಡತಿ ಹೋದವನಿಗೆ ಇಷ್ಟೆಲ್ಲ ಇರಲಿಲ್ಲ. ಇಲ್ಲೂ ಹಾಗೇ ನೋಡು.

ಅದೇ ಅಂಗಡಿಯಲ್ಲಿ ಒಂದು ಪದಕ ಇತ್ತು. ಗಾಜಿನ ಕೆಳಗೆ ಕಂದು ಕೂದಲಿನ ಸಣ್ಣ ಜಡೆ, ಸುತ್ತ ಸಾಸಿವೆಯಷ್ಟು ಮುತ್ತು. ಕೂದಲು ಸತ್ತವರದ್ದು, ಮುತ್ತು ಅಳುವವರ ಕಣ್ಣೀರು. ಹಳೇ ಉಂಗುರಗಳಲ್ಲಿ ಬಿಳಿ ಎನಾಮೆಲ್ ಲೇಪ ಇದ್ದರೆ ಹೋದದ್ದು ಮಗು ಅಥವಾ ಮದುವೆಯಾಗದವರು ಅಂತ ತಿಳೀತಾರೆ. ವಿಕ್ಟೋರಿಯಾಗಿಂತ ಎಷ್ಟೋ ಮುಂಚಿನ ಪದ್ಧತಿ ಇದು. 1649ರಲ್ಲಿ ಚಾರ್ಲ್ಸ್ ದೊರೆಯ ತಲೆ ತೆಗೆದಾಗ ಅವನ ಕಡೆಯವರು ಅವನ ಚಿತ್ರದ ಉಂಗುರ ತೊಟ್ಟಿದ್ದರು.

ನನಗೆ ನಮ್ಮ ಮಡಿ ಅಜ್ಜಿ ಕಣ್ಣ ಮುಂದೆ ಬಂದರು. ಕೆಂಪು ಸೀರೆ, ಬೋಳು ತಲೆ, ಅಡಿಕೆ ಸುಲಿಯುವಾಗಲೂ ಒಂದು ಮೂಲೆ. ಮದುವೆ ಮನೆಯಲ್ಲಿ ಎದುರಿಗೆ ಬರುತ್ತಲೇ ಇರಲಿಲ್ಲ. ಇಲ್ಲಿಯವರು ಸತ್ತವರ ಕೂದಲನ್ನು ಎದೆಯ ಮೇಲೆ ಇಟ್ಟುಕೊಂಡರು. ನಾವು ಬದುಕಿರುವವಳ ಕೂದಲು ತೆಗೆಸಿದೆವು. ತಲೆ ಬೋಳಿಸೋದು ನಿಂತಿತು, ಸರಿ. ಬಳೆ, ಕುಂಕುಮ, ಕರಿಮಣಿ, ಕಾಲುಂಗುರ ತೆಗೆಸೋದು ಎಲ್ಲಿ ನಿಂತಿದೆ? ಇಲ್ಲಿ ಕಪ್ಪು ಮಣಿ ತೊಟ್ಟು ಗಂಡನನ್ನು ನೆನೆದರು, ನಮ್ಮಲ್ಲಿ ಗಂಡ ಕಟ್ಟಿದ್ದನ್ನೇ ಬಿಚ್ಚಿಸ್ತಾರೆ. ನನಗೆ ಇದನ್ನು ಒಪ್ಪೋಕೆ ಆಗಲ್ಲ ಅಕ್ಕ.

2022ರ ಮೇನಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಇದೆಲ್ಲ ಇನ್ನು ನಮ್ಮೂರಲ್ಲಿ ಬೇಡ ಅಂತ ಠರಾವು ಮಾಡಿತು. ಆಮೇಲೆ ಮಹಾರಾಷ್ಟ್ರ ಸರ್ಕಾರವೇ ಉಳಿದ ಊರುಗಳಿಗೂ ಹಾಗೇ ಮಾಡಿ ಅಂತ ಹೇಳಿತು. ಬೆಳಗಾವಿ ದಾಟಿದರೆ ಕೊಲ್ಹಾಪುರ, ಅಷ್ಟೇ ದೂರ. ನಮ್ಮ ಒಂದು ಮನೆಗೆ ಠರಾವೂ ಬೇಡ, ನಾವಿಬ್ಬರು ಇದ್ದರೆ ಸಾಕು.

ವಿಡಿಯೋದಲ್ಲಿ ಅಮ್ಮ ಮಾತಾಡುತ್ತಾ ಮಣಿಕಟ್ಟು ಸವರಿಕೊಳ್ತಾಳೆ, ನೀನೂ ನೋಡಿರ್ತೀಯ. ವರ್ಷಾಂತಿಕ ಮುಗಿದ ಮೇಲೆ ಅವಳನ್ನೇ ಕೇಳೋಣ. ಬೇಡ ಅಂದರೆ ಒತ್ತಾಯ ಬೇಡ. ಆದರೆ ಕೇಳದೇ ಇರೋದು ಬೇಡ. ದೊಡ್ಡಮ್ಮ ಏನಾದರೂ ಅಂದರೆ ನಾನು ಮಾತಾಡ್ತೀನಿ. ಎಳ್ಳಮಾವಾಸ್ಯೆ ಜಾತ್ರೆಗೆ ಹೋದಾಗ ಒಂದು ಡಜನ್ ಹಸಿರು ಗಾಜಿನ ಬಳೆ ತಂದಿಡು. ಅಳತೆಗೆ ನಿನ್ನ ಕೈಯೇ ಆಗುತ್ತೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ