ಕುದುರೆ ಸವಾರನ ಚಿತ್ರ: ಭಾನುವಾರದೊಳಗೆ ಮಾಡಿಕೊಳ್ಳಬೇಕಾದ್ದು

ಎಲ್ಲರಿಗೂ ನಮಸ್ಕಾರ. ನಾವು ಎಣ್ಣೆಬಣ್ಣದಲ್ಲಿ ನಕಲು ಮಾಡುತ್ತಿರುವುದು ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಬರೆದ, ಕುದುರೆಯೇರಿದ ಸ್ಪೇನಿನ ದೊರೆ ನಾಲ್ಕನೇ ಫಿಲಿಪ್‌ನ ಚಿತ್ರ (ಸುಮಾರು 1635, ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯ). ಮೂಲ 303 ಸೆಂ.ಮೀ. ಎತ್ತರ, 317 ಅಗಲ. ಹಾಗಾಗಿ ಕ್ಯಾನ್ವಾಸ್ 24 ಇಂಚು ಎತ್ತರ, 25 ಅಗಲವೇ ಇರಲಿ. ಬೇರೆ ಅಳತೆ ತಂದರೆ ಕುದುರೆ ಹಿಗ್ಗುತ್ತದೆ, ಇಲ್ಲವೇ ಬಾಲ ಚೌಕಟ್ಟಿನಾಚೆ ಹೋಗುತ್ತದೆ.

ಕ್ಯಾನ್ವಾಸ್ ತುಂಬ ಒಂದಿಂಚಿನ ಚೌಕಗಳನ್ನು ಎಳೆದುಕೊಂಡು ಬನ್ನಿ. ಮೊದಲು ಸವಾರನನ್ನು ಬರೆಯಬೇಡಿ. ಹಿಂಗಾಲಿನ ಗೊರಸುಗಳನ್ನು ಗುರುತಿಸಿ, ಅಲ್ಲಿಂದ ನೇರ ಮೇಲಕ್ಕೊಂದು ಗೆರೆ ಎಳೆದು, ಮೈಯ ಉಳಿದ ಭಾಗಗಳನ್ನು ಆ ಗೆರೆಯಿಂದಲೇ ಅಳೆಯಿರಿ. ಮುಂಗಾಲೆತ್ತಿದ ಕುದುರೆಯ ಭಾರವೆಲ್ಲ ಹಿಂಗಾಲಿನ ಮೇಲಿದೆ. ಅದು ತಪ್ಪಿದರೆ ಎಷ್ಟು ಚೆಂದ ಬಣ್ಣ ಹಚ್ಚಿದರೂ ಕುದುರೆ ಬೀಳುವಂತೆ ಕಾಣುತ್ತದೆ. ಸ್ವತಃ ವೆಲಾಸ್ಕೆಸ್ ಇಲ್ಲಿ ಕಾಲುಗಳನ್ನು ತಿದ್ದಿದ್ದಾನೆ, ಹಳೆಯ ಗೆರೆ ಇಂದಿಗೂ ಮಸುಕಾಗಿ ಕಾಣುತ್ತದೆ. ನೀವು ತಿದ್ದಲು ಸಂಕೋಚಪಡಬೇಡಿ.

ಮೊದಲ ಪದರಕ್ಕೆ ಬರ್ನ್ಟ್ ಅಂಬರ್ (ಗಾಢ ಕಂದು ಬಣ್ಣ), ಅದನ್ನು ತೆಳುವಾಗಿಸಲು ಟರ್ಪೆಂಟೈನ್ ಮಾತ್ರ. ಬೆಳಕಿನ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಂಬರ್ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ತುಂಬ ನಿಧಾನ, ಅಡಿಪದರಕ್ಕೆ ಬೇಡವೇ ಬೇಡ. ಎರಡನೆಯದಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಲಿನ್ಸೀಡ್ (ಅಗಸೆ) ಎಣ್ಣೆ, ಮೂರನೆಯದಕ್ಕೆ ಸಮಪಾಲು. ಈ ಕ್ರಮ ತಿರುವುಮುರುವಾದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಒಣಗುತ್ತಿರುವಾಗಲೇ ಬಿರುಕು ಬಿಡುತ್ತದೆ. ಮೈಸೂರಿನ ಮಳೆಗಾಲದಲ್ಲಿ ಪದರಗಳ ನಡುವೆ ಇನ್ನೂ ಹೆಚ್ಚು ದಿನ ಬಿಡಿ. ಬೆರಳಿಗೆ ಅಂಟುತ್ತಿದ್ದರೆ ಮುಟ್ಟಬೇಡಿ.

ಬಿಳಿಗೆ ಟೈಟಾನಿಯಂ ಸಾಕು. ಸೀಸದ ಬಿಳಿ ವಿಷ, ತರಬೇಡಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಬುಟ್ಟಿಗೆ ಹಾಕಲೇಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ.